ಮೂರು ನೀರಿನ ಬಟಾಟಿ

ಜವಾನ ಗೋಣಿಚೀಲವೊಂದನ್ನು ನನ್ನ ಮೇಜಿನ ಪಕ್ಕ ಧೊಪ್ಪನೆ ಇಳಿಸಿ ಸೊಂಟ ಹಿಡಿದುಕೊಂಡು ನಿಂತ. ಚೀಲದ ಬಾಯಿಗೆ ಅರಗಿನ ಮುದ್ರೆ, ಮುದ್ರೆಯ ಕೆಳಗೆ ಒಂದು ಚೀಟಿ, ಚೀಟಿಯಲ್ಲಿ ನಮ್ಮ ಮುಖ್ಯಸ್ಥರ ಅಕ್ಷರದಲ್ಲಿ ಒಂದೇ ಸಾಲು: ಆಲೂಗಡ್ಡೆ, ಸಿ ಜೀವಸತ್ವ ಎಷ್ಟಿದೆ ನೋಡಿ, ಜಲ್ದಿ. ಲಕ್ಷ್ಮೀ ನಗರದಿಂದ ಸೈಕಲ್ ತುಳಿದುಕೊಂಡು ಬಂದ ಬೆವರನ್ನು ನಾನಿನ್ನೂ ಒರೆಸಿಕೊಂಡಿರಲಿಲ್ಲ. ಎಂಬತ್ತರ ದಶಕದ ನಡುವಿನ ಒಂದು ವರ್ಷ, ಸೆಪ್ಟೆಂಬರ್ ತಿಂಗಳು. ನಾಗಪುರದ ಮಳೆ ಕೈಕೊಟ್ಟು ಬಿಸಿಲು ಮತ್ತೆ ಏರಿತ್ತು. ಧರಮಪೇಠದ ಹಿಂಬದಿಯ ಹಳೆಯ ಬಂಗಲೆಯೊಂದರಲ್ಲಿದ್ದ ನಮ್ಮ ಆಹಾರ ಪರೀಕ್ಷಾ ಲ್ಯಾಬಿನಲ್ಲಿ ಫ್ಯಾನು ತಿರುಗುವ ಸದ್ದು ಬರುತ್ತಿತ್ತು, ಗಾಳಿ ಬರುತ್ತಿರಲಿಲ್ಲ.

ಮುಖ್ಯಸ್ಥರ ಕೋಣೆಗೆ ಹೋಗಿ ನಿಂತೆ. ಕರ್ನಾಟಕದಿಂದ ಬಂದವಳೆಂದೋ, ಹೆಂಗಸೆಂದೋ, ಎರಡೂ ಸೇರಿಯೋ, ಮೊದಲ ದಿನದಿಂದಲೂ ಅವರಿಗೆ ನನ್ನನ್ನು ಕಂಡರೆ ಆಗುತ್ತಿರಲಿಲ್ಲ. ನನಗೂ ಅವರನ್ನು ಕಂಡರೆ ಆಗುತ್ತಿರಲಿಲ್ಲ, ಆ ಮಟ್ಟಿಗೆ ನಮ್ಮಲ್ಲಿ ಜಗಳವಿರಲಿಲ್ಲ. ಅವರ ಮಾತೆಲ್ಲ ಮರಾಠಿ. ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಕೋರಾಡಿ ರಸ್ತೆಯಲ್ಲಿ ದಿಕ್ಕಿಲ್ಲದ ಹೆಂಗಸರಿಗೆ ಒಂದು ಆಶ್ರಯಗೃಹ ಇದೆ. ಎರಡು ತಿಂಗಳಿಂದ ಅಲ್ಲಿನ ಹೆಂಗಸರ ಒಸಡು ಊದಿಕೊಂಡು ರಕ್ತ ಸೋರುತ್ತಿದೆ, ತುಸು ತಾಗಿದರೂ ಮೈ ನೀಲಿಗಟ್ಟುತ್ತಿದೆ. ವೈದ್ಯರು ನೋಡಿ ಸಿ ಜೀವಸತ್ವದ ಕೊರತೆ ಅಂದಿದ್ದಾರೆ. ಬೇಸಿಗೆಯಿಂದ ಅಲ್ಲಿನ ಊಟದ ಪಟ್ಟಿಯಲ್ಲಿ ಸೊಪ್ಪು ತರಕಾರಿಯ ಬದಲು ದಿನವೂ ಆಲೂಗಡ್ಡೆ. ಪುಸ್ತಕದ ಕೋಷ್ಟಕ ಹಿಡಿದು ನೋಡಿದರೆ ಆ ಆಲೂಗಡ್ಡೆಯಲ್ಲೇ ಸಾಕಷ್ಟು ಜೀವಸತ್ವ ಇದೆ. ಹಾಗಾದರೆ ಒಸಡು ಯಾಕೆ ಸೋರುತ್ತದೆ? ಅಡಿಗೆಯವಳು ಆಲೂಗಡ್ಡೆ ಮಾರಿಕೊಂಡಿದ್ದಾಳೆ, ಅದಕ್ಕೆ. ಅವಳನ್ನು ಕೆಲಸದಿಂದ ನಿಲ್ಲಿಸಿ ವಿಚಾರಣೆ ಇಟ್ಟಿದ್ದಾರೆ. ಅವಳು ಮಾತ್ರ, ಬಂದದ್ದನ್ನೆಲ್ಲ ಬೇಯಿಸಿ ಹಾಕಿದ್ದೇನೆ, ದೋಷ ಇದ್ದರೆ ಮಾಲಿನಲ್ಲೇ ಇದೆ ಎಂದು ಹಟ ಹಿಡಿದಿದ್ದಾಳೆ.

"ಕಿತ್ತಳೆ ಬೆಳೆಯುವ ಊರಲ್ಲಿ ಒಸಡು ಸೋರೋದೇ?" ಅಂದೆ.

"ಸಂತ್ರಾ ಪಟ್ಟಿಯಲ್ಲಿಲ್ಲ," ಅಂದರು ಮುಖ್ಯಸ್ಥರು. "ಮಾಲು ಮಾರ್ಚಿಯಿಂದ ಶೀತಘರದಲ್ಲಿದೆ. ಮಾರ್ಚಿಯಲ್ಲಿ ನಮ್ಮಲ್ಲೇ ಪರೀಕ್ಷೆ ಆಗಿ ಪಾಸಾಗಿತ್ತು. ಈಗಲೂ ಸತ್ವ ಇದ್ದರೆ ಅವಳು ಕಳ್ಳಿ. ಇಲ್ಲದಿದ್ದರೆ ಶೀತಘರದವರ ಕಾಂಟ್ರ್ಯಾಕ್ಟು ಹೋಯಿತು. ಯಾವುದಾದರೂ ಒಂದು ಹೇಳಿ, ತಿಂಗಳೊಳಗೆ."

ಚೀಲದಲ್ಲಿ ಬಂದದ್ದನ್ನು ನಂಬಿ ಕೂರುವವಳು ನಾನಲ್ಲ. ಮರುದಿನವೇ ಶೀತಘರಕ್ಕೆ ಹೋದೆ. ಬಾಗಿಲಲ್ಲೇ ಅಮೋನಿಯಾದ ವಾಸನೆ ಮೂಗಿಗೆ ಹೊಡೆಯಿತು. ಹೊರಗೆ ಸುಡು ಬಿಸಿಲು, ಒಳಗೆ ಹಮಾಲರು ಸ್ವೆಟರ್ ಹಾಕಿಕೊಂಡು ಚೀಲ ಹೊರುತ್ತಿದ್ದರು. ಮರದ ಅಟ್ಟಣಿಗೆಗಳಲ್ಲಿ ಸೂರಿನವರೆಗೆ ಗೋಣಿಚೀಲ. ಮ್ಯಾನೇಜರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡಿದ್ದ, ಬಾಯಲ್ಲಿ ಅಡಿಕೆ ತಂಬಾಕಿನ ಖರ್ರಾ. ಮುಂದಿನ ಸಾಲಿನ ಎರಡು ಚೀಲ ತೋರಿಸಿ "ತಗೊಳ್ಳಿ ಮೇಡಂ" ಅಂದ. ನಾನು ಅಟ್ಟಣಿಗೆಯ ಕೆಳಗಿನದು, ನಡುವಿನದು, ಮೇಲಿನದು, ಮೂರೂ ಬೇಕೆಂದೆ. ಹಿಂದಿನ ಸಾಲಿನದೂ ಬೇಕೆಂದೆ.

"ಆಲೂ ಪರೀಕ್ಷೆ ಮಾಡ್ತೀರೋ, ಮದುವೆಗೆ ಹುಡುಗಿ ನೋಡ್ತೀರೋ?" ಎಂದು ಹಿಂದಿಯಲ್ಲಿ ನಕ್ಕ.

"ಚೀಲ ಇಳಿಸಿ," ಅಂದೆ. ಮೈಯೆಲ್ಲ ಉರಿಯುತ್ತಿತ್ತು, ಆ ಚಳಿಯಲ್ಲೂ.

ಅಲ್ಲಿಂದ ಆಶ್ರಯಗೃಹದ ಉಗ್ರಾಣದ ಮಾಲನ್ನೂ ತರಲು ಹೋದೆ. ಅಡಿಗೆಯವಳನ್ನು ಕಂಡದ್ದು ಆವಾಗಲೇ. ಅವಳಿಗೆ ಅಡಿಗೆಮನೆಗೆ ಕಾಲಿಡಲು ಅಪ್ಪಣೆ ಇರಲಿಲ್ಲ, ಆದರೆ ಇರುವುದು ಅದೇ ಆವರಣದ ಹಿಂದಿನ ಒಂದು ಕೋಣೆಯಲ್ಲಿ. ಐವತ್ತರ ಹೆಂಗಸು, ಕಚ್ಚೆ ಸೀರೆ, ದಪ್ಪ ಮೂಳೆ. ಕೋಣೆಯ ಕಟ್ಟೆಯ ಮೇಲೆ ಒಬ್ಬ ಮುದುಕಿಯನ್ನು ಕೂರಿಸಿಕೊಂಡು ಬಟ್ಟಲಲ್ಲಿ ಬೆಂದ ಆಲೂಗಡ್ಡೆ ಹಿಸುಕಿ ಚಮಚದಲ್ಲಿ ತಿನಿಸುತ್ತಿದ್ದಳು. ಮುದುಕಿಯ ಒಸಡು ನೇರಳೆ ಬಣ್ಣಕ್ಕೆ ತಿರುಗಿತ್ತು. ಜೊತೆಗೆ ಬಂದಿದ್ದ ಜವಾನನಿಗೆ ನಾನು ಮರಾಠಿಯಲ್ಲಿ ಏನೋ ಅಂದ ಧಾಟಿ ಕೇಳಿ ಅವಳು ತಲೆಯೆತ್ತಿದಳು.

"ಕಾನಡಿ ಏನ್ರಿ ನೀವು?" ಅಂದಳು. ಅಕ್ಕಲಕೋಟೆ ಕಡೆಯವಳಂತೆ, ಗಂಡ ಇಲ್ಲಿನ ಗಿರಣಿಯಲ್ಲಿದ್ದು ತೀರಿಕೊಂಡಿದ್ದ.

"ಹೌದ್ರಿ. ಧಾರವಾಡ."

"ಹಂಗಾದ್ರ ಬರೋಬರ್ ಬರೀರಿ. ನಾ ಕಳ್ಳಿ ಅಲ್ಲ. ಈ ಆಜಿ ನೋಡ್ರಿ. ನಾಕ್ ಹಲ್ಲಿದ್ವು, ಎರಡ್ ಉದುರಿದ್ವು. ನನ್ನ ಕೈಯಾಗ ಉಂಡಾಕಿ. ಇಕಿ ಬಾಯಾಗಿನ್ದು ಕಸ್ಕೊಂಡು ಮಾರ್ತೀನೇನು ನಾ?"

"ನಾ ಏನೂ ಅಂದಿಲ್ರಿ ಇನ್ನೂ."

"ಅಂತೀರಿ. ಓದಿದವ್ರು ಅಂದ ಅಂತೀರಿ." ಮುದುಕಿಯ ಗಲ್ಲ ಒರೆಸಿ ಬೆನ್ನು ತಿರುಗಿಸಿ ಕೂತಳು. ಊರ ಕಡೆಯ ಮಾತು ಕೇಳಿ ಖುಷಿಯಾಗಬೇಕಿದ್ದ ನನಗೆ ಆ ಹೆಂಗಸು ಅಲ್ಲಿಯೇ ಸರಿಬರಲಿಲ್ಲ.

ಇನ್ನು ಪರೀಕ್ಷೆ. ಆಲೂಗಡ್ಡೆಯನ್ನು ಸಿಪ್ಪೆ ತೆಗೆದು, ತೂಗಿ, ತೆಳ್ಳಗೆ ಹೆಚ್ಚಿ, ಒಂದು ಬಗೆಯ ಆಮ್ಲದ ಜೊತೆ ಮಿಕ್ಸರಿನಲ್ಲಿ ಅರೆದು ಸೋಸಬೇಕು. ಆಮ್ಲ ಇದ್ದರೆ ಜೀವಸತ್ವ ಗಾಳಿಗೆ ಕೆಡುವುದಿಲ್ಲ. ಸೋಸಿದ ರಸಕ್ಕೆ ನೀಲಿ ಬಣ್ಣದ ದ್ರಾವಣವನ್ನು ಹನಿಹನಿಯಾಗಿ ಬಿಡಬೇಕು. ಜೀವಸತ್ವ ಇರುವ ತನಕ ಬಿದ್ದ ಬಣ್ಣ ಮಾಯವಾಗುತ್ತದೆ. ಅದು ಮುಗಿದ ಗಳಿಗೆ ರಸ ಗುಲಾಬಿಯಾಗಿ ನಿಲ್ಲುತ್ತದೆ. ಹದಿನೈದು ಎಣಿಸುವವರೆಗೆ ನಿಂತರೆ ಮುಗಿಯಿತು, ಎಷ್ಟು ಬಣ್ಣ ಹಿಡಿಯಿತೆಂದು ಓದಿಕೊಳ್ಳುವುದು. ಇದರ ಜೊತೆ ನಾನು ಸಕ್ಕರೆಯ ಅಂಶವನ್ನೂ ನೋಡುತ್ತಿದ್ದೆ. ತಂಪಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ಆಲೂಗಡ್ಡೆಯ ಹಿಟ್ಟು ಸಕ್ಕರೆಯಾಗಿ ಗಡ್ಡೆ ಸಿಹಿಯಾಗುತ್ತದೆ. ಎಷ್ಟು ಕಾಲ ಇಟ್ಟಿದ್ದರು ಎನ್ನುವುದಕ್ಕೆ ಅದೂ ಒಂದು ಸಾಕ್ಷಿ.

ಕೇಳಲು ಸಲೀಸು. ನಮ್ಮಲ್ಲಿ ಅದಕ್ಕೆ ಎರಡು ಅಡ್ಡಿ. ವಿಚಾರಣೆಯ ಮಾಲಾದ್ದರಿಂದ ಮುದ್ರೆ ಒಡೆಯುವುದು, ಸಿಪ್ಪೆ ತೆಗೆಯುವುದು, ತೂಗುವುದು, ಹೆಚ್ಚುವುದು ಎಲ್ಲ ಮುಖ್ಯಸ್ಥರ ಕಣ್ಣೆದುರಿಗೇ ಆಗಬೇಕು, ಅವರು ಸಹಿ ಹಾಕಬೇಕು. ಅವರು ಬೆಳಿಗ್ಗೆ ಹತ್ತಕ್ಕೆ ಬಂದು ಹತ್ತೂವರೆಗೆ ಮೀಟಿಂಗಿಗೆ ಹೊರಡುವ ಆಸಾಮಿ. ಹೆಚ್ಚಿ ಮುಗಿಯುವ ಹೊತ್ತಿಗೆ, ಹತ್ತೂವರೆಗೆ ಸರಿಯಾಗಿ, ಕರೆಂಟೂ ಹೊರಡುತ್ತಿತ್ತು. ಉತ್ತರದ ಕಿಟಕಿಯಿಂದ ನೋಡಿದರೆ ದೂರದಲ್ಲಿ ಕೋರಾಡಿಯ ವಿದ್ಯುತ್ ಸ್ಥಾವರದ ಹೊಗೆ ಕಾಣುತ್ತಿತ್ತು. ನನ್ನ ಮಿಕ್ಸರು ಮಾತ್ರ ಮಧ್ಯಾಹ್ನ ಒಂದು ಗಂಟೆಯ ತನಕ ಸತ್ತು ಬಿದ್ದಿರುತ್ತಿತ್ತು. ಹೆಚ್ಚಿದ್ದನ್ನು ಆಮ್ಲದಲ್ಲೇ ಇಟ್ಟುಕೊಳ್ಳೋಣವೆಂದರೆ ಆಮ್ಲದ ಬಾಟಲಿ ಮುಖ್ಯಸ್ಥರ ಕಪಾಟಿನೊಳಗೆ. ಅರೆಯಲು ಬೇಕಾದಷ್ಟನ್ನೇ ಅಳೆದು ಕೊಡುತ್ತಿದ್ದರು, ಅದೂ ಅವರಪ್ಪನ ಮನೆಯದು ಎಂಬಂತೆ. ಹಾಗಾಗಿ ಹೆಚ್ಚಿದ ಆಲೂಗಡ್ಡೆ ಮಿಕ್ಸರು ಏಳುವ ತನಕ ಕಾಯಬೇಕಾಗುತ್ತಿತ್ತು. ಅಲ್ಲಿಯ ತನಕ ನಾನು ಅದನ್ನು ಎತ್ತಿಟ್ಟೆ.

ಮೊದಲ ಫಲಿತಾಂಶ ನೋಡಿ ನನಗೇ ನಂಬಿಕೆ ಬರಲಿಲ್ಲ. ಮಾರ್ಚಿಯಲ್ಲಿದ್ದ ಜೀವಸತ್ವದಲ್ಲಿ ಐದರಲ್ಲಿ ಒಂದು ಪಾಲೂ ಉಳಿದಿರಲಿಲ್ಲ. ಮೂರು ದಿನ, ಆರು ಚೀಲ, ಎಲ್ಲದರದ್ದೂ ಅದೇ ಹಾಡು. ಆರು ತಿಂಗಳಲ್ಲಿ ಅರ್ಧದಷ್ಟು ಹೋಗುವುದು ಸಾಮಾನ್ಯ, ಇಷ್ಟಲ್ಲ. ಬಣ್ಣದ ದ್ರಾವಣ ಹಳತೇ ಎಂದು ಹೊಸದು ಮಾಡಿದೆ, ಬ್ಯೂರೆಟ್ ಬದಲಿಸಿದೆ. ಬದಲಾಗಲಿಲ್ಲ. ಮಧ್ಯಂತರ ವರದಿ ಬರೆದೆ: ದೀರ್ಘ ಸಂಗ್ರಹದಿಂದ ಸತ್ವ ಬಹುತೇಕ ನಾಶ.

ಮುಖ್ಯಸ್ಥರು ಎರಡು ಸಲ ಓದಿದರು. "ಅಡಿಗೆಯವಳು ನಿಮ್ಮ ಭಾಷೆಯವಳಂತೆ?"

"ಆಲೂಗಡ್ಡೆಗೆ ಭಾಷೆ ಬರೋದಿಲ್ಲ ಸಾರ್. ಅನುಮಾನ ಇದ್ದರೆ ನೀವೇ ಮಾಡಿ ನೋಡಿ."

ಅವರು ಮಾಡಿ ನೋಡಲಿಲ್ಲ. ನನ್ನ ಕಡೆ ನೋಡದೆ ಸಹಿ ಹಾಕಿದರು. ವರದಿ ಹೋಯಿತು, ಮೂರನೇ ದಿನಕ್ಕೆ ಶೀತಘರದ ಮ್ಯಾನೇಜರು ಬಂದ. ಲ್ಯಾಬಿನ ನಡುವೆ ನಿಂತು, ನನ್ನ ಮಾಲು ಬೂದಿಯಾ, ಮಣ್ಣಾ, ಇಷ್ಟು ವರ್ಷ ಯಾರೂ ಬೆರಳು ತೋರಿಸಿರಲಿಲ್ಲ, ಈ ಮದ್ರಾಸಿ ಮೇಡಂ ಬಂದು ನನ್ನ ಹೊಟ್ಟೆಯ ಮೇಲೆ ಹೊಡೆಯುತ್ತಾಳಾ ಎಂದು ಗಂಟಲು ಹರಿದುಕೊಂಡ. ಧಾರವಾಡ ಮದ್ರಾಸಿನಲ್ಲಿಲ್ಲ ಎಂದು ಹೇಳಿ ಅವನನ್ನು ಹೊರಗೆ ಕಳಿಸಿದೆ. ಬೇರೆ ಊರಿನ ಲ್ಯಾಬಿನಲ್ಲಿ ಮರುಪರೀಕ್ಷೆ ಮಾಡಿಸುತ್ತೇನೆ ಎಂದು ಮೆಟ್ಟಿಲಿಳಿಯುತ್ತಾ ಕೂಗಿದ. ಮಾಡಿಸು, ನಿನ್ನಪ್ಪನ ಆಣೆ, ಅಂತ ಕನ್ನಡದಲ್ಲಿ ಅಂದುಕೊಂಡೆ.

ಒಂದು ವಿಷಯ ಮಾತ್ರ ಒಳಗೇ ಕಚ್ಚುತ್ತಿತ್ತು. ನಮ್ಮ ಲ್ಯಾಬಿನ ಜವಾನ ನಾಗಪುರದವನೇ, ನಿವೃತ್ತಿಯ ಅಂಚಿನಲ್ಲಿದ್ದ ಮುದುಕ. ಪರೀಕ್ಷೆಗೆ ಬೇಡವಾದ ಗಡ್ಡೆಗಳನ್ನು ಹಿಂದಿನ ವರಾಂಡದ ಸ್ಟೋವಿನ ಮೇಲೆ ಕರಿದು ತಿನ್ನುವುದು ಅವನ ಹಕ್ಕು. ಎರಡು ದಿನ ತಿಂದು ಮೂರನೇ ದಿನ ಬಿಟ್ಟ. "ಕಾಯ್ ಬಟಾಟೆ ಆಣೂನ್ ರಾಹಿಲೆ ಮ್ಯಾಡಮ್! ಗೋಡ್ ಗೋಡ್," ಎಂಥ ಬಟಾಟಿ ತರುತ್ತಿದ್ದೀರಿ, ಬರೀ ಸಿಹಿ, ಎಂದು ತಟ್ಟೆ ಮುಂದೆ ಹಿಡಿದ. ಕರಿದದ್ದು ಕಪ್ಪಾಗಿತ್ತು, ಬಾಯಿಗೆ ಹಾಕಿದರೆ ನಿಜಕ್ಕೂ ಸಿಹಿ. ನನ್ನ ಪುಸ್ತಕದಲ್ಲಿ ಮಾತ್ರ ಸಕ್ಕರೆ ಅಷ್ಟೇನೂ ಇಲ್ಲ. ನಾಲಿಗೆಗೆ ಸಿಕ್ಕ ಸಕ್ಕರೆ ನನ್ನ ಗಾಜಿನ ಕೊಳವೆಗೆ ಯಾಕೆ ಸಿಗುತ್ತಿಲ್ಲ? ಗೊತ್ತಾಗಲಿಲ್ಲ. ಸಕ್ಕರೆ ನನಗೆ ಮುಖ್ಯವಲ್ಲ ಎಂದು ಪುಟ ಮಗುಚಿದೆ.

ಅಂತಿಮ ವಿಚಾರಣೆಗೆ ಐದು ದಿನ ಬಾಕಿ ಇದ್ದಾಗ ಯಾರೋ ಮಂತ್ರಿ ಊರಿಗೆ ಬಂದರು. ಆ ದಿನ ಕರೆಂಟು ಹೋಗಲಿಲ್ಲ. ಮುಖ್ಯಸ್ಥರ ಎದುರು ಹೆಚ್ಚಿದ್ದನ್ನು ಹೆಚ್ಚಿದ ಹಾಗೆಯೇ ಮಿಕ್ಸರಿಗೆ ಹಾಕಿ ಅರೆದೆ. ಬಣ್ಣ ಬಿಡುತ್ತಾ ಕೂತರೆ ಗುಲಾಬಿ ನಿಲ್ಲುತ್ತಲೇ ಇಲ್ಲ. ಇನ್ನೂ ಬಿಟ್ಟೆ, ಇನ್ನೂ ಬಿಟ್ಟೆ. ಕೊನೆಗೆ ನಿಂತಾಗ ನೋಡಿದರೆ ಜೀವಸತ್ವ ಮಾರ್ಚಿಯ ಅರ್ಧದಷ್ಟಿದೆ!

ತಲೆಗೆ ರಕ್ತ ಏರಿತು. ಹಿಂದಿನ ದಿನವಷ್ಟೇ ಶೀತಘರದಿಂದ ಹೊಸ ಮಾಲು ಬಂದಿತ್ತು. ಚೀಲ ಬದಲಾಯಿಸಿದ್ದಾನೆ ಕಳ್ಳ, ತಾಜಾ ಮಾಲು ತುರುಕಿದ್ದಾನೆ ಎಂದುಕೊಂಡು, ಆಟೊ ಹಿಡಿದು ನೇರ ಶೀತಘರಕ್ಕೆ ಹೋದೆ. ಹಮಾಲರ ಎದುರಿಗೇ ಮ್ಯಾನೇಜರಿಗೆ ಬಾಯಿಗೆ ಬಂದದ್ದು ಅಂದೆ. ಪೊಲೀಸರ ಹೆಸರೂ ತೆಗೆದೆ. ಅವನು ಈ ಸಲ ಕೂಗಾಡಲಿಲ್ಲ. ಖರ್ರಾ ಉಗುಳಿ ಬಂದು, "ಸೆಪ್ಟೆಂಬರಲ್ಲಿ ತಾಜಾ ಆಲೂ ಎಲ್ಲಿಂದ ತರಲಿ ಮೇಡಂ? ನೀವೇ ತೋರಿಸಿ, ಅಲ್ಲಿಂದಲೇ ತರ್ತೀನಿ," ಅಂದ. ಹಮಾಲರು ನಕ್ಕರು. ನಾನು ಮುಖ ಸಣ್ಣ ಮಾಡಿಕೊಂಡು ಬಂದೆ.

ವಾಪಸು ಬಂದು ಸಕ್ಕರೆಯ ಲೆಕ್ಕ ಮುಗಿಸಿದೆ. ಅಲ್ಲಿಗೆ ನನ್ನ ಕೈ ನಿಂತಿತು. ಆ ದಿನ ಸಕ್ಕರೆಯೂ ಏರಿತ್ತು, ದುಪ್ಪಟ್ಟಿಗಿಂತ ಹೆಚ್ಚು. ಮಾಲು ತಾಜಾ ಆಗಿದ್ದರೆ ಜೀವಸತ್ವ ಏರಬೇಕು, ಸಕ್ಕರೆ ಇಳಿಯಬೇಕು. ಎರಡೂ ಒಟ್ಟಿಗೆ ಏರಬಾರದು. ಎಂದರೆ ಇಷ್ಟು ದಿನ ಏನೋ ಒಂದು ಎರಡನ್ನೂ ಒಟ್ಟಿಗೆ ಕದಿಯುತ್ತಿತ್ತು. ಇವತ್ತೊಂದು ದಿನ ಕದ್ದಿಲ್ಲ. ಇವತ್ತು ಬೇರೆ ಏನು ಮಾಡಿದೆ ನಾನು?

ತೊಟ್ಟಿಯ ಪಕ್ಕದಲ್ಲಿ ಎನಾಮಲ್ ಬೋಗುಣಿ ಖಾಲಿ ಬಿದ್ದಿತ್ತು.

ಅಯ್ಯೋ ನನ್ನ ಬುದ್ಧಿಗಿಷ್ಟು! ಬಟಾಟಿ ಹೆಚ್ಚಿದರೆ ನೀರಿಗೆ ಹಾಕು, ಇಲ್ಲದಿದ್ದರೆ ಕಪ್ಪಾಗುತ್ತದೆ: ಏಳು ವರ್ಷದವಳಿದ್ದಾಗ ಅವ್ವ ಕಲಿಸಿದ್ದು. ಕರೆಂಟು ಹೋದ ಮೊದಲ ದಿನ ಹೆಚ್ಚಿದ ಹೋಳು ಕಪ್ಪಾಗತೊಡಗಿದ್ದನ್ನು ಕಂಡು ನನ್ನ ಕೈ ತಾನಾಗಿ ಅದನ್ನು ನೀರಿಗೆ ಹಾಕಿತ್ತು. ಮರುದಿನವೂ ಹಾಕಿತು. ಎಂಎಸ್ಸಿ ಓದಿದ ತಲೆ ಅತ್ತ ನೋಡಲೇ ಇಲ್ಲ. ಸಿ ಜೀವಸತ್ವ ನೀರಿನಲ್ಲಿ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ, ಎಂಟನೇ ತರಗತಿಯ ಮಗುವಿಗೂ ಗೊತ್ತು. ದಿನವೂ ಎರಡೂವರೆ ಗಂಟೆ ಕಡ್ಡಿಯಷ್ಟು ತೆಳ್ಳಗಿನ ಹೋಳನ್ನು ನೀರಲ್ಲಿ ನೆನೆಸಿ, ಸೋಸಿ, ನೀರು ಚೆಲ್ಲಿ, ಉಳಿದ ಚರಟವನ್ನು ಪರೀಕ್ಷೆ ಮಾಡಿ, ಸತ್ವ ನಾಶವಾಗಿದೆ ಎಂದು ವರದಿ ಬರೆದಿದ್ದೆ.

ಮರುದಿನ ಖಾತ್ರಿ ಮಾಡಿಕೊಂಡೆ. ಹೆಚ್ಚಿ, ನೀರಿಗೆ ಹಾಕಿ, ಒಂದು ಗಂಟೆಗೆ ಬೋಗುಣಿಯ ನೀರನ್ನೇ ಫ್ಲಾಸ್ಕಿಗೆ ಸುರಿದು, ಎರಡು ಹನಿ ಆಮ್ಲ ಹಾಕಿ ಬಣ್ಣ ಬಿಟ್ಟೆ. ಬಿದ್ದ ಬಣ್ಣ ಬಿದ್ದಲ್ಲೇ ಮಾಯ. ಜವಾನ ಭುಜದ ಹಿಂದೆ ನಿಂತು ನೋಡುತ್ತಿದ್ದ. "ಬಾಪ್ಪಾ!" ಅಂದ, "ಪಾಣ್ಯಾತ್ ಗೇಲಾ?" ಹೌದಪ್ಪಾ, ನೀರಿಗೆ ಹೋಯಿತು. ಅಲ್ಲೇ ಸ್ಟೂಲಿನ ಮೇಲೆ ಕೂತು ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮುಖ್ಯಸ್ಥರಿಗೆ ಹೇಳಿದೆ. ಅವರು ಎದ್ದು ಬಾಗಿಲು ಮುಚ್ಚಿ ಬಂದರು. "ಯಾರಿಗೆ ಗೊತ್ತು ಇದು?"

"ನನಗೆ, ಜವಾನನಿಗೆ, ಈಗ ನಿಮಗೆ."

"ಇಲ್ಲಿಗೇ ಇರಲಿ. ವರದಿಯ ಮೇಲೆ ನನ್ನ ಸಹಿ ಇದೆ. ನೀವೇ ಯೋಚನೆ ಮಾಡಿ, ಇದ್ದದ್ದು ಇದ್ದ ಹಾಗೆ ಬಿಟ್ಟರೆ ಯಾರಿಗೆ ನಷ್ಟ? ಅಡಿಗೆಯವಳು ಬಚಾವ್. ಆ ಮ್ಯಾನೇಜರನ್ನು ಕಂಡರೆ ನಿಮಗೂ ಆಗೋದಿಲ್ಲ. ಈಗ ಅರ್ಧ ಸತ್ವ ಇದೆ ಅಂತ ಬರೆದರೆ ನಿಮ್ಮ ಊರಿನವಳೇ ಕಳ್ಳಿ ಆಗ್ತಾಳೆ. ಅರ್ಧ ಸತ್ವ ಇರುವ ಆಲೂಗಡ್ಡೆ ದಿನಾ ಹೊಟ್ಟೆಗೆ ಹೋಗಿದ್ದರೆ ಒಸಡು ಇಷ್ಟು ಸೋರೋದಿಲ್ಲ."

ಅವರ ಲೆಕ್ಕ ತಪ್ಪಿರಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿದ್ದು. ಅರ್ಧ ಸತ್ವವಾದರೂ ಆ ಹೆಂಗಸರ ಹೊಟ್ಟೆಗೆ ಹೋಗಿದ್ದರೆ ಅಷ್ಟು ಕೆಡುತ್ತಿರಲಿಲ್ಲ. ಹಾಗಾದರೆ ಅವಳು ಮಾರಿಕೊಂಡಿದ್ದಾಳೆಯೇ? ಮುದುಕಿಗೆ ಚಮಚದಲ್ಲಿ ತಿನಿಸುತ್ತಿದ್ದದ್ದು ನನ್ನನ್ನು ಕಂಡು ಹೂಡಿದ ಆಟವೇ? ಎರಡು ದಿನ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ, ಮನೆಯಲ್ಲಿ ಗಂಡನ ಮೇಲೆ ಹರಿಹಾಯ್ದೆ. ಸತ್ಯಕ್ಕಾಗಿ ಎದೆಯೊಡ್ಡಿದೆ ಎಂದರೆ ಸುಳ್ಳಾಗುತ್ತದೆ. ಮರುಪರೀಕ್ಷೆಯಲ್ಲಿ ಸಿಕ್ಕಿಬೀಳುವ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ, ನನ್ನ ಬೋಗುಣಿಯ ನೀರಿನಿಂದ ಒಬ್ಬಳು ಬಚಾವಾಗುವುದು, ಒಬ್ಬ ಮುಳುಗುವುದು, ಎರಡೂ ನನಗೆ ಅಸಹ್ಯವಾಯಿತು. ವರದಿ ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದು ಮುಖ್ಯಸ್ಥರ ಮೇಜಿನ ಮೇಲಿಟ್ಟೆ.

"ಕೆಲಸ ಹೋದೀತು," ಅಂದರು.

"ಹೋಗಲಿ. ಆದರೆ ಇನ್ನೊಂದು ಮಾಲು ಉಳಿದಿದೆ. ಚೀಲದ್ದು ನೋಡಿದೆವು, ತಟ್ಟೆಯದು ನೋಡಿಲ್ಲ. ಆಮ್ಲದ ಬಾಟಲಿ ಕೊಡಿ. ಅಳೆದಲ್ಲ, ಪೂರ್ತಿ."

ಯಾಕೋ ಏನೋ, ಬೀಗದ ಕೈ ಎಸೆದರು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಜವಾನನ ಜೊತೆ ಕೋರಾಡಿ ಕಡೆ ಹೊರಟೆ. ಬಾಟಲಿಗಳನ್ನು ಬುಟ್ಟಿಯಲ್ಲಿ ಹುಲ್ಲಿಟ್ಟು ಜೋಡಿಸಿಕೊಂಡಿದ್ದೆವು. ಆಶ್ರಯಗೃಹದ ಅಡಿಗೆಮನೆಯಲ್ಲಿ ಈಗ ಅಲ್ಲಿನ ಹೆಂಗಸೊಬ್ಬಳೇ ಬದಲಿ ಕೆಲಸ ಮಾಡುತ್ತಿದ್ದಳು. ಒಲೆ ಇನ್ನೂ ಹೊತ್ತಿರಲಿಲ್ಲ. ಮೂಲೆಯಲ್ಲಿ ಒಂದು ದೊಡ್ಡ ಪೀಪಾಯಿ. ಇಣುಕಿ ನೋಡಿದೆ. ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿದ ಆಲೂಗಡ್ಡೆ, ಅದರ ಮೇಲೆ ಗೇಣುದ್ದ ನೀರು.

"ಇದು ಯಾವಾಗ ಹೆಚ್ಚಿದ್ದು?" ಎಂದು ಹಿಂದಿಯಲ್ಲಿ ಕೇಳಿದೆ.

"ನಿನ್ನೆ ಸಂಜೆ. ಮೊದಲಿನ ಅಡಿಗೆಯವಳು ಹೇಳಿಕೊಟ್ಟ ಹಾಗೆ." ಅವಳು ಬಾಗಿ ಪೀಪಾಯಿಯ ನೀರನ್ನು ಮೋರಿಗೆ ಚೆಲ್ಲಿದಳು, ಆ ಧಾರೆಗೇ ನಾನೊಂದು ಬಾಟಲಿ ಹಿಡಿದೆ. ಮತ್ತೆ ನೀರು ತುಂಬಿ ಕೈಯಾಡಿಸಿ ಚೆಲ್ಲಿದಳು. ಮತ್ತೊಮ್ಮೆ ತುಂಬಿದಳು.

ಚೆಲ್ಲುವ ನೀರು, ಪೀಪಾಯಿಯ ಹೋಳು, ಬೆಂದ ಪಲ್ಯ, ತಟ್ಟೆಗೆ ಬಡಿಸಿದ್ದು, ನಾಲ್ಕನ್ನೂ ಅಲ್ಲೇ ಆಮ್ಲಕ್ಕೆ ಹಾಕಿಕೊಂಡೆ. ಆಮೇಲೆ ಹಿಂದಿನ ಕೋಣೆಗೆ ಹೋದೆ. ಅಡಿಗೆಯವಳು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು.

"ಬಟಾಟಿ ರಾತ್ರೆಲ್ಲಾ ಯಾಕ್ ನೆನಸ್ತೀರಿ?"

"ಮತ್ತೇನ್ ಮಾಡೂದ್ರಿ? ಗೋಡ್ ಗೋಡ್ ಇರ್ತಾವು. ಆಷಾಢದಿಂದ ಒಂದs ಸವನ ಸಿಹಿ. ಪೋರಿಗೋಳು ತಾಟಿನ್ಯಾಗ ಬಿಟ್ಟು ಏಳ್ತಿದ್ರು. ಈ ಆಜಿ ಅಂತೂ ಬಾಯಾಗ ಹಾಕಿದ್ದು ಉಗಳತಿದ್ಲು. ಸಣ್ಣಗ ಹೆಚ್ಚಿ ರಾತ್ರಿ ನೆನಸಿ, ಮುಂಜಾನೆ ಚೆಲ್ಲಿ, ಮೂರು ನೀರು ತೊಳದ್ರ ಸಿಹಿ ಹೋಗ್ತದ. ಆಮ್ಯಾಲೆ ಉಂಡ್ರು ನೋಡ್ರಿ, ತಾಟು ನೆಕ್ಕಿ ಉಂಡ್ರು." ಮೊದಲ ಸಲ ಅವಳ ಮುಖದಲ್ಲಿ ಸ್ವಲ್ಪ ಹೆಮ್ಮೆ ಕಂಡಿತು. "ಯಾರ್ ಮಾಡ್ತಾರ್ರಿ ಇಷ್ಟು? ಸರ್ಕಾರಿ ಅಡಿಗಿಮನ್ಯಾಗ? ಆಜಿದು ನಾ ನಾಕ್ ನೀರು ತೊಳೀತಿದ್ದೆ. ಬರಕೋರಿ ಅದನ್ನ."

ಬರೆದುಕೊಳ್ಳಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಬಂದುಬಿಟ್ಟೆ.

ಲ್ಯಾಬಿನಲ್ಲಿ ನೋಡಿದೆ. ಪೀಪಾಯಿಯ ಮೊದಲ ನೀರು ಬಣ್ಣವನ್ನು ಗಟಗಟನೆ ಕುಡಿಯಿತು. ತಟ್ಟೆಯ ಪಲ್ಯದ ರಸಕ್ಕೆ ಮೊದಲ ಹನಿ ಬಿದ್ದದ್ದೇ ಗುಲಾಬಿ ನಿಂತಿತು. ಹದಿನೈದರ ತನಕ ಎಣಿಸಿದೆ. ಅಲುಗಲಿಲ್ಲ. ಇನ್ನೂ ಎರಡು ಸಲ ಮಾಡಿದೆ, ಎರಡು ಸಲವೂ ಹಾಗೆಯೇ ನಿಂತಿತು.

ವಿಚಾರಣೆ ಆಶ್ರಯಗೃಹದ ಕಚೇರಿಯಲ್ಲೇ ನಡೆಯಿತು. ವಿಚಾರಣಾಧಿಕಾರಿ, ನಮ್ಮ ಮುಖ್ಯಸ್ಥರು, ಮ್ಯಾನೇಜರು, ಬಾಗಿಲ ಬಳಿ ನಿಂತ ಅಡಿಗೆಯವಳು. ಮೊದಲು ನನ್ನ ತಪ್ಪು ಹೇಳಿದೆ. ಮಧ್ಯಂತರ ವರದಿ ಸುಳ್ಳು, ಹೆಚ್ಚಿದ್ದನ್ನು ನೀರಲ್ಲಿ ನೆನೆಸಿಟ್ಟದ್ದು ನಾನೇ, ಚೀಲದ ಮಾಲಿನಲ್ಲಿ ಅರ್ಧ ಸತ್ವ ಇದೆ ಅಂದೆ. ಮ್ಯಾನೇಜರು ತೊಡೆ ತಟ್ಟಿದ. "ಮೇಡಂ ಅಡಿಗೆ ಮಾಡ್ತಿದ್ರು ಸಾಹೇಬ್, ಪರೀಕ್ಷೆ ಅಲ್ಲ!" ಮುಖ್ಯಸ್ಥರು ಕಿಟಕಿಯ ಕಡೆ ನೋಡುತ್ತಿದ್ದರು. ಅಡಿಗೆಯವಳಿಗೆ ಮರಾಠಿ ಬರುತ್ತದಲ್ಲ, ನಾನು ಅವಳನ್ನು ಮುಳುಗಿಸಿದೆ ಎಂದು ತಿಳಿದು ನನ್ನನ್ನೇ ನುಂಗುವಂತೆ ನೋಡಿದಳು.

ಆಮೇಲೆ ತಟ್ಟೆಯ ಮಾತಿಗೆ ಬಂದೆ. ಆರು ತಿಂಗಳ ತಂಪಿನಲ್ಲಿ ಅರ್ಧ ಸತ್ವ ಹೋಯಿತು, ಗಡ್ಡೆ ಸಿಹಿಯಾಯಿತು. ಶೀತಘರದಿಂದ ತೆಗೆದ ಮೇಲೆ ಎರಡು ವಾರ ಹೊರಗೆ ನೆರಳಲ್ಲಿ ಹರವಿ ಇಟ್ಟಿದ್ದರೆ ಆ ಸಿಹಿ ತಾನಾಗಿ ಇಳಿಯುತ್ತಿತ್ತು. ತೂಕ ಇಳಿಯುತ್ತದೆ, ಮೊಳಕೆ ಬರುತ್ತದೆ ಎಂದು ಮ್ಯಾನೇಜರು ಇಡಲಿಲ್ಲ, ತಂಪಿನಿಂದ ನೇರ ಲಾರಿಗೆ ಹಾಕಿದ. ಸಿಹಿ ಕಳೆಯಲು ಅಡಿಗೆಯವಳು ರಾತ್ರಿ ನೆನೆಸಿ ಮೂರು ನೀರು ತೊಳೆದಳು. ಉಳಿದರ್ಧ ಸತ್ವ ಸಿಹಿಯ ಜೊತೆ ಮೋರಿಗೆ ಹೋಯಿತು. ಆಲೂಗಡ್ಡೆ ಪೂರ್ತಿ ತಟ್ಟೆಗೆ ಬಂದಿದೆ. ಯಾರೂ ಮಾರಿಲ್ಲ. ಪುಸ್ತಕದ ಕೋಷ್ಟಕ ತಾಜಾ ಆಲೂಗಡ್ಡೆಯದು, ಇವರು ಉಂಡದ್ದು ಬೇರೆ. ಇಷ್ಟನ್ನು ಹೇಳುವಷ್ಟರಲ್ಲಿ ಮ್ಯಾನೇಜರು ಎರಡು ಸಲ ಎದ್ದು ಕೂಗಿದ, ವಿಚಾರಣಾಧಿಕಾರಿ ಮೇಜು ಕುಟ್ಟಿದರು, ನಾನೂ ದನಿ ಏರಿಸಿದೆ. ತೊಡೆ ತಟ್ಟುವುದು ಮಾತ್ರ ನಿಂತಿತ್ತು.

ಅಡಿಗೆಯವಳ ಮೇಲಿನ ಕಳ್ಳತನದ ಆರೋಪ ಕೈಬಿಟ್ಟರು, ಕೆಲಸ ವಾಪಸು ಕೊಟ್ಟರು. ಊಟದ ಪಟ್ಟಿಗೆ ನಿಂಬೆಹಣ್ಣು, ಸೊಪ್ಪು ಸೇರಿತು. ಮಾಲನ್ನು ಎರಡು ವಾರ ಹರವಿಡಬೇಕೆಂದು ಮ್ಯಾನೇಜರಿಗೆ ಆದೇಶವಾಯಿತು. ನನಗೆ ಮುಖ್ಯಸ್ಥರಿಂದ ಬೇಜವಾಬ್ದಾರಿಗಾಗಿ ಒಂದು ಮೆಮೊ ಬಂತು.

ಆ ದಿನ ವಿಚಾರಣೆ ಮುಗಿಸಿ ಹೊರಬಂದಾಗ ಅವಳು ಕಟ್ಟೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮುದುಕಿ, ಬಾಯಿ ಒಳಕ್ಕೆ ಹೋಗಿತ್ತು. ಉಳಿದಿದ್ದ ಎರಡು ಹಲ್ಲೂ ಆ ವಾರ ಬಿದ್ದಿದ್ದವು. ನಾನು ಒಂದು ಒಳ್ಳೆಯ ಮಾತನ್ನು ನಿರೀಕ್ಷಿಸುತ್ತಿದ್ದೆ, ಮುಚ್ಚಿಡುವುದೇನಿದೆ. ಅವಳಿಗಾಗಿ ಮೆಮೊ ತಿನ್ನುವವಳು ನಾನು.

"ಆ ನೀರಾಗ ಹೋತೇನ್ರಿ? ಎಲ್ಲಾ?" ಅಂದಳು.

"ಹೂಂ. ಆದ್ರ ನಿಮ್ಮ ತಪ್ಪಲ್ರಿ. ನಿಮ್ಗ ಗೊತ್ತಿದ್ದಿಲ್ಲ. ಕಳ್ಳಿ ಅನ್ನೂದು ಹೋತಲ್ಲ, ಸಾಕು."

"ಕಳ್ಳಿ ಅಂದಿದ್ರ ಬರೋಬರ್ ಇತ್ತು." ಮುದುಕಿಯ ಸೆರಗು ಸರಿಮಾಡುತ್ತಾ ಹೇಳಿದಳು. "ಅಲ್ಲ ಅಂತ ನನಗ ಗೊತ್ತಿತ್ತು. ಊರೆಲ್ಲಾ ಕೂಡಿ ಅಂದ್ರೂ ರಾತ್ರಿ ನಿದ್ದಿ ಹತ್ತತಿತ್ತು. ಇನ್ನ ಮ್ಯಾಲೆ?"

"ಕೇಳಿದ್ರಲ್ರಿ ಒಳಗ," ಅಂದೆ. "ಅದs ತಪ್ಪು ನಾನೂ ಮಾಡಿದ್ದೆ. ಇಷ್ಟು ಓದಿ ನಾನೂ ನೀರಾಗ ಹಾಕಿದ್ದೆ."

"ನೀವು ಮಾಡಿದ್ದು ಬಾಟ್ಲಿಯೊಳಗ್ರಿ," ಅಂದಳು ಅವಳು. "ಚೆಲ್ಲಿ ಮತ್ತ ಮಾಡಿದ್ರಿ. ನಾ ಮಾಡಿದ್ದು ಇಕಿ ತಾಟಿನ್ಯಾಗ."

ಕೋರಾಡಿಯಿಂದ ಬಸ್ಸು ಬರುವ ಹೊತ್ತಾಗಿತ್ತು. ನಾನು ಕೈಚೀಲ ಎತ್ತಿಕೊಂಡು ಬರ್ತೀನ್ರಿ ಅಂದೆ. ಅವಳು ಹೋಗಿ ಬರ್ರಿ ಅನ್ನಲಿಲ್ಲ.